ರೊಟ್ಟಿ ಮನೆಯ ಎರಡು ಬಾಗಿಲು

ಮೊನ್ನೆ ಸ್ಟುಡಿಯೋದ ಕಪಾಟು ಝಾಡಿಸುವಾಗ ಹಳೆಯ ಕಂಪ್ಯೂಟರ್ ಮೌಸೊಂದು ಕೈಗೆ ಸಿಕ್ಕಿತು. ಹೊಟ್ಟೆಯಲ್ಲಿ ರಬ್ಬರ್ ಗುಂಡು ಇರುತ್ತಿತ್ತಲ್ಲ, ಆ ಕಾಲದ್ದು. ಗುಂಡು ತೆಗೆದು ನೋಡಿದರೆ ಒಳಗೆ ಜೋಳದ ಹಿಟ್ಟು ಗಟ್ಟಿಯಾಗಿ ಕೂತಿದೆ! ಗುಜರಿಗೆ ಹಾಕಬೇಕೆಂದವನು ಅಲ್ಲಿಯೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ.

ನಾನು ಕಲಿತದ್ದು ಕಡಿಮೆ, ಮಾರಿದ್ದು ಹೆಚ್ಚು. ಹುಬ್ಬಳ್ಳಿಯ ಸಂತೆಯಲ್ಲಿ ಕಟ್‌ಪೀಸ್ ಬಟ್ಟೆ ಮಾರುತ್ತಿದ್ದವನು, ತೊಂಬತ್ತರ ದಶಕದಲ್ಲಿ ಹಳೆಯ ಕ್ಯಾಮೆರಾ ಒಂದನ್ನು ಚೌಕಾಶಿ ಮಾಡಿ ಕೊಂಡು ಮದುವೆ ವಿಡಿಯೋಕ್ಕೆ ಇಳಿದೆ. ಆ ಧಂದೆಯಲ್ಲಿ ಇರುವುದು ಒಂದೇ ಜಗಳ: ಯಾರ ಮುಖ ಮೊದಲು ಬಂತು? ಗಂಡಿನ ಸೋದರಮಾವ ಮೊದಲು ಬಂದನೆಂದು ಹೆಣ್ಣಿನ ಕಾಕಾ ಚಹಾ ಬಿಟ್ಟು ಎದ್ದುಹೋದದ್ದನ್ನು ಕಂಡಿದ್ದೇನೆ. ನೀವು ಎಂದಾದರೂ ಕ್ಯಾಮೆರಾ ಹಿಡಿದರೆ ನನ್ನ ಮಾತು ಕೇಳಿ, ಮೊದಲು ದೇವರನ್ನು ಹಾಕಿಬಿಡಿ. ಅವನ ಮೇಲೆ ಯಾರೂ ಸಿಟ್ಟಾಗುವುದಿಲ್ಲ.

ಎರಡು ಸಾವಿರದ ಇಸವಿಯ ನಂತರ ಮೂಲೆಮೂಲೆಗೂ ಇಂಟರ್‌ನೆಟ್ ಅಂಗಡಿಗಳು ಎದ್ದವು. ಮದುವೆ ಕ್ಯಾಸೆಟ್ಟಿನ ಕಾಲ ಮುಗಿಯಿತೆಂದು ನನ್ನ ಮೂಗಿಗೆ ಮೊದಲೇ ವಾಸನೆ ಬಡಿಯಿತು. ಧಾರವಾಡದ ಒಂದು ಕ್ಲಾಸಿನಲ್ಲಿ, ಇಂಟರ್‌ನೆಟ್ಟಿನ ಮೇಲೆ ನೋಡುವವರೇ ತಮಗೆ ಬೇಕಾದಲ್ಲಿ ಒತ್ತಿ ದಾರಿ ಆರಿಸಿಕೊಳ್ಳುವ ಸಾಕ್ಷ್ಯಚಿತ್ರ ಮಾಡಲು ಕಲಿಸುತ್ತಾರೆಂದು ಕೇಳಿ ಸೇರಿಕೊಂಡೆ. ಮೊದಲ ಪಾಠಕ್ಕೆಂದು ನಾನು ಮಾಡಿದ ಚಿತ್ರದಲ್ಲಿ ಒಂದೇ ಗುಂಡಿ ಇತ್ತು: ‘ಮುಂದೆ’. ಟೀಚರಮ್ಮ ನಕ್ಕುಬಿಟ್ಟರು. “ಇದು ಮದುವಿ ಕ್ಯಾಸೆಟ್ಟ ಆತಲ್ರೀ ಮಾಲಕರ! ನೋಡೂರಿಗೆ ಏನ ಬಿಟ್ಟೀರಿ?”

ಮುಖ ಸುಟ್ಟಂತಾಯಿತು. ಕೊನೆಯ ಪಾಠದ ಚಿತ್ರಕ್ಕಾದರೂ ಈಕೆಯ ಬಾಯಲ್ಲಿ ಭೇಷ್ ಅನ್ನಿಸಿಕೊಳ್ಳಬೇಕು, ಅಂಗಡಿಯ ಬೋರ್ಡಿನ ಮೇಲೆ ‘ವೆಬ್ ಚಿತ್ರಗಳು’ ಎಂದು ಬರೆಸಬೇಕು ಎಂದು ಹಟ ಹಿಡಿದೆ. ವಿಷಯ ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಸಿಕ್ಕಿತು. ಖಾನಾವಳಿಗಳಿಗೆ ಖಡಕ್ ರೊಟ್ಟಿ ಬಡಿದುಕೊಡುವ ನೀಲವ್ವ, ಗಂಗವ್ವ ಎಂಬ ನೆಗೆಣ್ಣಿಯರು. ಇಬ್ಬರಿಗೂ ರೊಟ್ಟಿ ಕಲಿಸಿದ ಅತ್ತೆ ತೀರಿಕೊಂಡ ಮೇಲೆ ಒಲೆ ಎರಡಾಗಿ, ಒಂದೇ ಗೋಡೆಗೆ ಎರಡು ಬಾಗಿಲು ಬಿದ್ದಿದ್ದವು. ಮಾತಂತೂ ನಿಂತು ವರ್ಷಗಳೇ ಆಗಿದ್ದವು. ಆಗಿನ ಇಂಟರ್‌ನೆಟ್ಟಿಗೆ ವಿಡಿಯೋ ಎಳೆಯುವ ಕಸುವಿರಲಿಲ್ಲ. ಫೋಟೋ ತೆಗೆದೆ, ಎರಡೂ ಒಲೆಯ ಮುಂದೆ ರೊಟ್ಟಿ ಬಡಿಯುವ ಸಪ್ಪಳ ಹಿಡಿದುಕೊಂಡೆ.

ಎಲ್ಲ ಆಯಿತೆನ್ನುವಾಗ ನೀಲವ್ವ ಹೇಳಿದಳು: “ನಾ ಹಿರೇ ಸೊಸಿ. ಮೊದಲ ನನ್ನ ಒಲಿ ಬರಬೇಕು. ಇಲ್ಲಂದ್ರ ನಂದು ತಗದಬಿಡು ತಮ್ಮಾ.”

ಬಾಜೂ ಬಾಗಿಲಿಗೆ ಹೋದರೆ ಗಂಗವ್ವ: “ಹಿರೇತನ ವಯಸ್ಸಿಗೈತಿ, ರೊಟ್ಟಿಗೆಲ್ಲೈತ್ರಿ ಅಣ್ಣಾ? ಆಕೀದು ಮೊದಲ ಬಂತಂದ್ರ ನನ್ನ ಫೋಟೋ ಒಂದೂ ಇರಬಾರ್ದು ನೋಡ್ರಿ.”

ಒಬ್ಬಳನ್ನು ತೆಗೆದರೆ ಚಿತ್ರವೇ ಇಲ್ಲ. ನನಗೆ ಗೊತ್ತಿದ್ದ ಹಳೆಯ ಔಷಧ ಹೊರತೆಗೆದೆ, ಅತ್ತೆಯ ಫೋಟೋ ಮೊದಲು ಹಾಕುತ್ತೇನೆ ಎಂದೆ. “ಯಾರ ಮನ್ಯಾಗಿನ ಫೋಟೋ?” ಇಬ್ಬರೂ ಬೇರೆ ಬೇರೆಯಾಗಿ ಕೇಳಿದ ಪ್ರಶ್ನೆ ಒಂದೇ.

ಸೋತು ಬಸ್ಸಿನಲ್ಲಿ ಕೂತಾಗ ಸಂತೆ ನೆನಪಾಯಿತು. ಬಲ್ಲ ವ್ಯಾಪಾರಿ ಯಾವ ಬಟ್ಟೆಯನ್ನೂ ತಾನಾಗಿ ಎತ್ತಿ ತೋರಿಸುವುದಿಲ್ಲ. ರಾಶಿ ಹರವಿ ಸುಮ್ಮನಿದ್ದು, ಗಿರಾಕಿಯ ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾನೆ. ಟೀಚರಮ್ಮ ತಿಂಗಳುಗಟ್ಟಲೆ ಹೇಳುತ್ತಿದ್ದದ್ದು ಇದನ್ನೇ ಅಲ್ಲವೇ! ‘ಮುಂದೆ’ ಗುಂಡಿಯನ್ನು ಕಿತ್ತೆಸೆದೆ. ಮೊದಲ ಪುಟಕ್ಕೆ ಆ ಗೋಡೆ, ಅದರಲ್ಲಿ ಎರಡು ಮುಚ್ಚಿದ ಬಾಗಿಲು. ಯಾರಾದರೂ ಒತ್ತುವ ತನಕ ಏನೂ ಅಲುಗಾಡುವಂತಿಲ್ಲ.

ಇಬ್ಬರನ್ನೂ ಸ್ಟುಡಿಯೋಕ್ಕೆ ಕರೆಸಿದೆ. ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಬಂದವರು ಕೂತದ್ದು ಎರಡು ಮೂಲೆಗೆ.

“ಆಕೀ ಬಾಗಲಾ ಎಡಕ್ಕೈತಿ. ಓದೂದು ಎಡಗಡಿಂದನ,” ಗಂಗವ್ವ ತಕರಾರು ತೆಗೆದಳು.

“ಗ್ವಾಡಿ ಕಟ್ಟಿದಾಂವ ನಾನಲ್ರಿ ಅಕ್ಕಾರ,” ಎಂದೆ.

ನೀಲವ್ವ ಹಿಟ್ಟಿನ ಕೈಯಲ್ಲೇ ಮೌಸ್ ಹಿಡಿದಳು. ಬಾಣದ ಗುರುತು ತಡವರಿಸುತ್ತ ತನ್ನ ಬಾಗಿಲಿನ ತನಕ ಹೋಯಿತು, ನಿಂತಿತು, ಮೆಲ್ಲಗೆ ಬಲಕ್ಕೆ ಸರಿಯಿತು. ಒತ್ತಿದ್ದು ಗಂಗವ್ವನ ಬಾಗಿಲನ್ನು.

“ನನ್ನ ಒಲಿ ನಂಗ ಗೊತ್ತೈತಿ. ಈಕಿ ಒಳಗ ಏನ ಮಾಡ್ತಾಳ ನೋಡೂಣು.”

ಪಟಪಟ ರೊಟ್ಟಿ ಸಪ್ಪಳ ಕೋಣೆ ತುಂಬಿತು. ಕಣ್ಣು ಮುಚ್ಚಿ ಕೇಳಿದ ನೀಲವ್ವ, ಗೋಡೆಗೆ ಹೇಳುವಂತೆ ಹೇಳಿದಳು: “ಖರೇನ ಅತ್ತೀ ಕೈ ಬಂದೈತಿ ಈಕೀಗೆ.”

ಗಂಗವ್ವ ಎದ್ದು ಬಂದು ಮೌಸ್ ಕಸಿದುಕೊಂಡು ಎಡಗಡೆಯ ಬಾಗಿಲು ಒತ್ತಿದಳು. ಒಲೆಯ ಫೋಟೋ ಬಂದದ್ದೇ, “ಇನ್ನೂ ಉರಿ ಅಷ್ಟ ಜೋರ ಇಡ್ತೀಯಲ್ಲ ಅಕ್ಕಾ! ಕೈ ಸುಟಗೋತಿ.”

“ಸುಟ್ರ ನನ್ನ ಕೈ ಸುಡತೈತಿ. ನಿನಗ್ಯಾಕ?”

ಅಷ್ಟು ವರ್ಷಗಳ ಮೇಲೆ ಒಬ್ಬರಿಗೊಬ್ಬರು ನೇರವಾಗಿ ಆಡಿದ ಮೊದಲ ಮಾತು ಅದು. ಜಗಳವೇ ಇರಲಿ, ನಾನು ಗೆದ್ದಿದ್ದೆ. ಟೀಚರಮ್ಮ ಎರಡೂ ಬಾಗಿಲನ್ನು ಮತ್ತೆ ಮತ್ತೆ ಒತ್ತಿ ನೋಡಿ, “ಈಗ ನೋಡೂರ ಕೈಗೆ ಬಿಟ್ಟಕೊಡೂದು ಕಲತ್ರಿ ನೋಡ್ರಿ,” ಎಂದರು. ಮರುವಾರವೇ ಬೋರ್ಡು ಬರೆಸಿದೆ, ಹಳದಿ ಅಕ್ಷರದಲ್ಲಿ, ದೊಡ್ಡದಾಗಿ.

ಆ ಚಿತ್ರ ಈಗಿನ ಯಂತ್ರಗಳಲ್ಲಿ ತೆರೆಯುವುದಿಲ್ಲ, ಅದನ್ನು ನಡೆಸುತ್ತಿದ್ದ ತಂತ್ರಾಂಶವೇ ಸತ್ತಿದೆ. ಸತ್ತದ್ದು ಸಾಯಲಿ ಎಂದು ಸುಮ್ಮನಿದ್ದವನು, ಮೊನ್ನೆ ಸಂಜೆ ಹಳೆಯ ಫೋಟೋ, ಸಪ್ಪಳಗಳನ್ನೆಲ್ಲ ಹುಡುಕಿ ತೆಗೆದೆ. ಮೊಬೈಲಿಗೆಂದು ಹೊಸದಾಗಿ ಕಟ್ಟಲು ಕೂತಿದ್ದೇನೆ. ಒಪ್ಪಿಗೆ ಕೇಳೋಣವೆಂದು ಗಂಗವ್ವನಿಗೆ ಫೋನ್ ಹಚ್ಚಿದೆ.

“ಮಾಡ್ರಿ ಅಣ್ಣಾ. ಆದ್ರ ಈ ಸಲ ಮೊದಲ ಯಾರ್ದು ಅಂತ ಅಕ್ಕ ಕೇಳಾಕತ್ತಾಳ.”

“ಅಕ್ಕ ಎಲ್ಲಿದ್ದಾರ್ರಿ?”

“ಎಲ್ಲಿರ್ತಾಳ್ರಿ? ಇಲ್ಲೇ, ನನ್ನ ಬಾಜೂಕ ರೊಟ್ಟಿ ಬಡ್ಯಾಕತ್ತಾಳ.”