ಮೊಲ ಕೂಡಿಸುವ ಗೂಳಪ್ಪ

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಬಿದಿರು ಇಳಿಸುವ ನಮ್ಮ ಗೂಳಪ್ಪ, ಎರಡು ಮೊಲದ ಮರಿ ತಂದಾಗಿನಿಂದ ನೆಟ್ಟಗೆ ಉಂಡಿಲ್ಲ. ತಿಂಗಳಾದರೂ ಪಂಜರದಲ್ಲಿ ಎರಡರ ನಡುವಿನ ತಂತಿಜಾಳಿಗೆ ತೆಗೆಯಲೊಲ್ಲ. ವಾಸನೆ ಪಳಗಲೆಂದು ಅದರ ಹುಲ್ಲನ್ನು ಇದಕ್ಕೆ, ಇದರದನ್ನು ಅದಕ್ಕೆ ಹಾಸುತ್ತಾನೆ. ಒಂದು ಮರಿ ಕಾಲು ಬಡಿದರೂ ತುತ್ತು ಬಿಟ್ಟು ಓಡುತ್ತಾನೆ. "ಅವಸರ ಮಾಡಿದ್ರ ಒಂದು ಇನ್ನೊಂದರ ಹೊಟ್ಟಿ ಹರೀತೈತ್ರಿ" ಎಂದು ನನಗೇ ಬುದ್ಧಿ ಹೇಳುತ್ತಾನೆ. ಮೊನ್ನೆ, ಎರಡಕ್ಕೂ ಹೊಸ ಜಾಗವಾದರೆ ಕಚ್ಚಾಡಲಿಕ್ಕಿಲ್ಲವೆಂದು ನಮ್ಮ ಕಟ್ಟೆಗೆ ಪಂಜರ ತಂದು, ಜಾಳಿಗೆಗೆ ಕೈ ಹಾಕಿ ಬೆವೆತ. ಹಿಂದೆಯೇ ಬಂದ ಹಿರಿಯ ಹೆಂಡತಿ ಮುದಕವ್ವ, "ಮಾಲವ್ವನ್ನ ಲಗ್ನ ಆಗಿ ತಂದ ದಿನ ನಮ್ಮಿಬ್ಬರನ್ನ ಒಂದ ಒಲಿ ಮುಂದ ಕುಂಡ್ರಿಸಿ ಡ್ಯೂಟಿಗೆ ಹೋದ್ರಲ್ಲ! ಇವತ್ತಿಗೂ ಒಲಿ ಎರಡ ಅದಾವ" ಎಂದಳು. ಗೂಳಪ್ಪ ಜಾಳಿಗೆಯಿಂದ ಕೈ ತೆಗೆದ. "ಇನ್ನೊಂದು ವಾರ ಹೋಗ್ಲಿ" ಎಂದು ಪಂಜರ ಹೊತ್ತು ಮನೆಗೆ ನಡೆದ.