ಕಾಜಾ ಹಾಕಿದ ಬೋರ್ಡು

ಟೈಲರಮ್ಮನಿಗೆ ಓದುಬರಹ ಅಷ್ಟಕ್ಕಷ್ಟೆ. ಅಂಕಿ ಬರುತ್ತದೆ, ತನ್ನ ಹೆಸರು ಬರೆಯಲು ಬರುತ್ತದೆ. ಉಳಿದದ್ದಕ್ಕೆ ಬೇರೆಯವರ ಕಣ್ಣು ಬೇಕು. ಆದರೆ ಎಣಿಸಲು ಕೂತಳೆಂದರೆ ಒಂದು ಹೊಲಿಗೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಗಂಡ ಇದ್ದಾಗಲೂ, ಅವನು ಹೋದ ಮೇಲಿನ ಒಂಬತ್ತು ವರ್ಷವೂ ಅದೇ ಅಂಗಡಿ, ಅದೇ ಮಿಷನ್ನು.

ಪಕ್ಕದಲ್ಲಿ ರೇಡಿಯೊ ರಿಪೇರಿ ಅಂಗಡಿ. ನಡುವೆ ಹಲಗೆಯ ಗೋಡೆ, ಅದರಲ್ಲಿ ತಲೆ ತೂರುವಷ್ಟು ಒಂದು ಕಿಂಡಿ. ಆ ಕಿಂಡಿಯಲ್ಲಿ ರಿಪೇರಿಯವನ ಕೈಕೆಲಸ ನೋಡಿ ನೋಡಿಯೇ ಅವಳಿಗೆ ಈ ಹುಚ್ಚು ಹತ್ತಿದ್ದು. ಮೊದಲು ಸೂಜಿಯ ಬುಡಕ್ಕೊಂದು ಪುಟ್ಟ ದೀಪ, ಆಮೇಲೆ ಅಂಗಡಿಯ ಬಾಗಿಲು ತೆರೆದರೆ ಕೂಗುವ ಗಂಟೆ, ಆಮೇಲೆ ನೀರಿನ ತೊಟ್ಟಿ ತುಂಬಿದರೆ ಕಿರುಚುವ ಪೆಟ್ಟಿಗೆ. ಎಲ್ಲವನ್ನೂ ಬ್ರೆಡ್‌ಬೋರ್ಡಿನ ಮೇಲೆ ಮಾಡಿದ್ದಳು. ಅದು ಮೈತುಂಬ ತೂತಿರುವ ಬಿಳಿ ಹಲಗೆ. ತಂತಿ ಚುಚ್ಚಿದರೆ ಕೂರುತ್ತದೆ, ಎಳೆದರೆ ಬರುತ್ತದೆ, ಬೆಸುಗೆಯ ಗೊಡವೆಯಿಲ್ಲ.

"ಅಕ್ಕಾ, ಹೀಗೇ ಆದ್ರೆ ನೀವು ಪ್ಯಾಂಟು ಬಿಟ್ಟು ರಾಕೆಟ್ ಹಾರಿಸ್ತೀರಿ," ಎಂದು ರಿಪೇರಿಯವನು ಕಿಂಡಿಯಿಂದ ಕೆಣಕುತ್ತಿದ್ದ.

"ರಾಕೆಟ್ಟಿಗೆ ಜೇಬು ಬೇಕಾದ್ರೆ ಹೇಳು ತಮ್ಮಾ, ಇಟ್ಟುಕೊಡ್ತೀನಿ."

ಅವಳಿಗೆ ಇರುವುದು ಒಬ್ಬಳೇ ಮಗಳು. ನಾಲ್ಕನೆಯ ವಯಸ್ಸಿನಲ್ಲಿ ಬಂದ ಜ್ವರ ಆ ಮಗುವಿನ ಎರಡೂ ಕಿವಿಯನ್ನು ಕರೆದುಕೊಂಡು ಹೋಯಿತು. ಎದುರಿನವರ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ, ಬೆರಳಲ್ಲಿ ಮಾತಾಡುತ್ತಾಳೆ, ಬೆರಳಲ್ಲೇ ಜಗಳವನ್ನೂ ಆಡುತ್ತಾಳೆ. ಎರಡು ಬೀದಿಯಾಚೆ ಗಂಡನ ಮನೆ. ಈ ವರ್ಷ ಅವಳಿಗೆ ಹೆಣ್ಣುಮಗು ಹುಟ್ಟಿತು. ಹುಟ್ಟಿದ ಹತ್ತನೆಯ ದಿನಕ್ಕೇ ಅವಳ ಅತ್ತೆ ತೊಟ್ಟಿಲನ್ನು ತನ್ನ ಕೋಣೆಗೆ ಸಾಗಿಸಿಬಿಟ್ಟಳು.

"ಅದು ಅತ್ರೆ ಕೇಳಿಸಬೇಕಲ್ವಾ ಬೀಗಿತ್ತೀ? ನಾನು ಕೆಟ್ಟೋಳಲ್ಲ, ಹೆದರೋಳು. ನಡೆದಾಡೋವರೆಗೂ ನನ್ನ ಹತ್ರಾನೇ ಇರ್ಲಿ," ಎಂದಿದ್ದಳು.

ಹಾಲು ಕುಡಿಸುವ ಹೊತ್ತಿಗೆ ಮಾತ್ರ ಮಗು ತಾಯಿಯ ಕೈಗೆ. ಒಂದು ದಿನ ಮಗಳು ಅಂಗಡಿಗೆ ಬಂದು, ಮಿಷನ್ನಿನ ಪಕ್ಕ ಕೂತು, ನಿಧಾನವಾಗಿ ಬೆರಳಾಡಿಸಿದಳು: ನನ್ನ ಮಗುವಿಗೆ ನಾನೇ ನೆಂಟಳಾಗಿಬಿಟ್ಟೆ.

ಟೈಲರಮ್ಮ ಅಂದು ಮತ್ತೆ ಬಟ್ಟೆ ಮುಟ್ಟಲಿಲ್ಲ. ಮಗು ಅತ್ತರೆ ದೀಪ ಹತ್ತಬೇಕು, ಅಷ್ಟೆ ತಾನೆ? ರಿಪೇರಿಯವನು ನಕ್ಷೆ ಬರೆದುಕೊಟ್ಟ; ಗುಂಡಿಯಷ್ಟು ಮೈಕು, ಎಂಟು ಕಾಲಿನ ಒಂದು ಐಸಿ ಚಿಪ್, ಒಂದಿಷ್ಟು ಚಿಲ್ಲರೆ ಸಾಮಾನು, ಕೊನೆಗೆ ಎರಡು ಕೆಂಪು ದೀಪ, ಮಗಳ ಮಂಚದ ಮೇಲೊಂದು, ಅಡುಗೆಮನೆಯಲ್ಲೊಂದು. ವಾರದೊಳಗೆ ಬ್ರೆಡ್‌ಬೋರ್ಡಿನ ಮೇಲೆ ಅದು ನಿಂತಿತು. ಮೇಜಿನ ಮೇಲಿಟ್ಟು ಅವಳು ಕೆಮ್ಮಿದರೆ ದೀಪ ಹತ್ತಿತು, ರಿಪೇರಿಯವನು ಮಗುವಿನಂತೆ ಅತ್ತು ತೋರಿಸಿದಾಗಲೂ ಹತ್ತಿತು.

ಮಗಳ ಮನೆಗೆ ಒಯ್ದು ಗೋಡೆಗೆ ತಗುಲಿಹಾಕಿದರೆ ಬೀದಿಯ ಸದ್ದಿಗೆಲ್ಲ ದೀಪ ಹತ್ತುತ್ತಿತ್ತು. ಹಾಗಾಗಿ ಬೋರ್ಡನ್ನು ತೊಟ್ಟಿಲಿನ ಸರಳಿಗೇ ಕಟ್ಟಬೇಕಾಯಿತು. ಕಟ್ಟಿದರು, ಮಗಳು ತೂಗಿದಳು, ಮಗು ಮಲಗಿತು. ಮಗಳು ಅಡುಗೆಮನೆಗೆ ಹೋದಳು. ಟೈಲರಮ್ಮ ಹಜಾರದಲ್ಲಿ ನೀರು ಕುಡಿಯುತ್ತಿದ್ದಾಗ ಮಗು ಎದ್ದು ಚೀರತೊಡಗಿತು. ಅಡುಗೆಮನೆಯ ದೀಪ ಕಣ್ಣು ಬಿಡಲೇ ಇಲ್ಲ. ಮಗಳು ಬೆನ್ನು ಹಾಕಿ ಪಾತ್ರೆ ತೊಳೆಯುತ್ತಲೇ ಇದ್ದಳು. ಬೀಗಿತ್ತಿ ಓಡಿಬಂದು ಮಗುವನ್ನು ಎತ್ತಿಕೊಂಡಳು.

"ನೋಡಿದ್ರಾ? ಇದಕ್ಕೇ ನಾನು ಬಡಕೊಂಡಿದ್ದು."

ಟೈಲರಮ್ಮ ಬೋರ್ಡು ಬಿಚ್ಚಿ ನೋಡಿದಳು. ತೂಗಾಟಕ್ಕೆ ಮೈಕಿನ ತಂತಿ ತೂತಿನಿಂದ ಹೊರಕ್ಕೆ ಜಿಗಿದಿತ್ತು. ಅವಳಿಗೆ ತನ್ನ ಮೇಲೇ ಕೋಪ ಬಂತು. ಕಚ್ಚಾ ಹೊಲಿಗೆ ಹಾಕಿದ ಕೋಟನ್ನು ಯಾರಾದರೂ ಗಿರಾಕಿಗೆ ತೊಡಿಸಿ ಕಳಿಸುತ್ತಾರೆಯೆ? ಬ್ರೆಡ್‌ಬೋರ್ಡು ಅಳತೆ ನೋಡುವುದಕ್ಕೆ. ಉಡುವುದಕ್ಕಲ್ಲ.

"ಬರೋ ಭಾನುವಾರ ಬರ್ತೀನಿ ಬೀಗಿತ್ತೀ," ಎಂದಳು. "ಅವತ್ತೂ ದೀಪ ಹತ್ತಲಿಲ್ಲ ಅಂದ್ರೆ ನಾನೇ ಬಾಯಿ ಮುಚ್ಕೋತೀನಿ. ಹತ್ತಿದ್ರೆ ತೊಟ್ಟಿಲು ನನ್ನ ಮಗಳ ಕೋಣೆಗೆ."

ಬೀಗಿತ್ತಿ ಒಪ್ಪಿಕೊಂಡಳು. ಅವಳ ಮುಖದಲ್ಲಿ ಗೆದ್ದವಳ ಗೆಲುವೇನೂ ಇರಲಿಲ್ಲ.

ಮರುದಿನ ರಿಪೇರಿಯವನು ಬೆಸುಗೆ ಹಾಕುವ ಎರಡು ಬಗೆಯ ಬೋರ್ಡು ತಂದು ಕಿಂಡಿಯಲ್ಲಿ ಚಾಚಿದ. ಒಂದು ಕಂದು ಬಣ್ಣದ್ದು. ಹಿಂಬದಿಯಲ್ಲಿ ತಾಮ್ರದ ಉದ್ದುದ್ದ ಪಟ್ಟಿಗಳು. ಇನ್ನೊಂದು ಹಸಿರು, ಪಟ್ಟಿಯಿಲ್ಲ, ಬಿಡಿಬಿಡಿ ತೂತುಗಳು.

"ಪಟ್ಟಿದು ತಗೊಳ್ಳಿ ಅಕ್ಕಾ. ಒಂದು ಪಟ್ಟೀಲಿ ಇರೋದೆಲ್ಲ ತಾನೇ ಜೋಡಿಕೊಂಡಿರುತ್ತೆ, ಅರ್ಧ ಕೆಲಸ ಮುಗಿದ ಹಾಗೆ. ಹಸಿರಿದ್ರಲ್ಲಿ ಒಂದೊಂದು ಕೊಂಡೀನೂ ನೀವೇ ತಂತಿ ಎಳೆದು ಹಾಕ್ಬೇಕು. ಇಪ್ಪತ್ತೆಂಟು ಬೇಕಾಗುತ್ತೆ. ಕಣ್ಣು ಕಿತ್ತು ಕೈಗೆ ಬರುತ್ತೆ."

ಟೈಲರಮ್ಮ ಹಸಿರು ಬೋರ್ಡನ್ನು ಬೆಳಕಿಗೆ ಹಿಡಿದು ಕನ್ನಡಕ ಏರಿಸಿದಳು. ಕಂದು ಬೋರ್ಡಿನ ತೂತು ಬರೀ ತೂತು. ತಾಮ್ರ ಇದ್ದದ್ದು ಒಂದೇ ಬದಿಗೆ, ಅಂಟಿಸಿದ ಹಾಗೆ. ಹಸಿರಿನ ತೂತಿನ ಒಳಗೋಡೆಗೂ ಲೋಹ, ಮೇಲಿಂದ ಕೆಳತನಕ ಸುತ್ತು.

"ಇದಕ್ಕೆ ಕಾಜಾ ಹಾಕಿದಾರೆ," ಎಂದಳು.

"ಏನು ಹಾಕಿದಾರೆ?"

"ಗುಂಡಿ ತೂರಿಸೋ ತೂತಿಗೆ ಸುತ್ತ ಹೊಲೀತೀವಲ್ಲ, ಅದು. ಅದಿಲ್ಲದಿದ್ರೆ ನಾಲ್ಕು ಸಲ ಗುಂಡಿ ಹಾಕೋದ್ರಲ್ಲಿ ತೂತು ಹರಿದು ಬಾಯಿ ಬಿಡುತ್ತೆ."

ಬಾಯಿಮಾತಿಗೆ ಅವಳು ಯಾವ ಬಟ್ಟೆಯನ್ನೂ ಕೊಂಡವಳಲ್ಲ. ಎರಡು ಬೋರ್ಡಿಗೂ ಒಂದೊಂದು ತಂತಿ ಬೆಸೆಸಿ, ಕಿಂಡಿಯ ಚೌಕಟ್ಟಿಗೆ ಮೊಳೆ ಹೊಡೆದು ನೇತುಹಾಕಿದಳು. ಒಂದೊಂದು ತಂತಿಗೂ ಒಂದೊಂದು ಕಬ್ಬಿಣದ ಕತ್ತರಿ ಕಟ್ಟಿ ತೂಗತೊಡಗಿದಳು. ಗಿರಾಕಿಗಳು ಬಂದರು, ನೋಡಿದರು, ನಕ್ಕರು. ಅವಳು ಎಣಿಸುತ್ತಲೇ ಇದ್ದಳು. ನೂರ ನಲವತ್ತಾರಕ್ಕೆ ಕಂದು ಬೋರ್ಡಿನ ತಾಮ್ರದ ಪಟ್ಟಿ ಸಿಪ್ಪೆಯಂತೆ ಎದ್ದುಬಂದು ಕತ್ತರಿ ನೆಲಕ್ಕೆ ಬಿತ್ತು. ಹಸಿರಿನದನ್ನು ಐನೂರು ದಾಟಿಸಿ ನಿಲ್ಲಿಸಿದಳು. ಬೆಸುಗೆ ಮಿಸುಕಿರಲಿಲ್ಲ.

"ಇಪ್ಪತ್ತೆಂಟು ಕೊಂಡಿ ತಾನೆ? ಒಂದು ಕೋಟು ಹೊಲಿಯೋಕೆ ಅದಕ್ಕಿಂತ ಹೆಚ್ಚು ಟಾಕು ಹಾಕ್ತೀನಿ. ಹಸಿರಿದೇ ಕೊಡು."

ನಕ್ಷೆ ಇದ್ದದ್ದು ಮೇಲಿನಿಂದ ನೋಡಿದಂತೆ, ಬೆಸೆಯಬೇಕಾದದ್ದು ಕೆಳಗಿನಿಂದ. ಬೋರ್ಡು ತಿರುಗಿಸಿದರೆ ಎಡ ಬಲವಾಗುತ್ತದೆ. ಇಲ್ಲೇ ಎಲ್ಲರೂ ಎಡವುತ್ತಾರೆ ಎಂದು ರಿಪೇರಿಯವನು ಹೇಳಲು ಬಾಯಿ ತೆರೆದ.

"ಅಸ್ತರು ಕತ್ತರಿಸೋಳಿಗೆ ಒಳಬದಿ ಹೊರಬದಿ ಹೇಳಿಕೊಡ್ತೀಯಾ?" ಎಂದು ಅವಳು ಮುಂಚೆಯೇ ಮುಚ್ಚಿಸಿದಳು. ಒಂದೊಂದು ಕೊಂಡಿಗೂ ಮೇಲಿನಿಂದ ಗುಂಡುಸೂಜಿ ಚುಚ್ಚಿ, ಅದು ಕೆಳಗೆ ಮೂತಿ ತೋರಿಸಿದ ತೂತಿಗೇ ತಂತಿ ಹಾಕುತ್ತ ಹೋದಳು. ದಿನಕ್ಕೆ ಏಳು, ಬೆಳಕು ಚೆನ್ನಾಗಿರುವಾಗ ಮಾತ್ರ. ನಾಲ್ಕು ದಿನಕ್ಕೆ ಮುಗಿಯಿತು. ಕೊನೆಗೆ, ಯಾರೂ ಹೇಳಿಕೊಡದ ಒಂದು ಕೆಲಸ ಮಾಡಿದಳು. ಹೊರಗೆ ಹೋಗುವ ತಂತಿಗಳನ್ನು ಅಂಚಿನ ಖಾಲಿ ತೂತುಗಳಲ್ಲಿ ನೈಲಾನ್ ದಾರದಿಂದ ಬೋರ್ಡಿಗೇ ಹೊಲಿದುಬಿಟ್ಟಳು. ಎಳೆತವೆಲ್ಲ ದಾರಕ್ಕೆ, ಬೆಸುಗೆ ಆರಾಮ.

ರಿಪೇರಿಯವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದು ನನಗೆ ಹೊಳೀಲಿಲ್ವಲ್ಲ ಅಕ್ಕಾ," ಎಂದ.

ಭಾನುವಾರ ಮಧ್ಯಾಹ್ನ ಬೋರ್ಡು ತೊಟ್ಟಿಲಿಗೇರಿತು. ಬೀಗಿತ್ತಿ ತಾನೇ ತೂಗುತ್ತೇನೆಂದು ನಿಂತಳು, ಬೇಕೆಂದೇ ಜೋರಾಗಿ ತೂಗಿದಳು. ಮಗುವಿಗೆ ಅದು ಹಿತವಾಗಿ ಗಾಢ ನಿದ್ದೆ ಹತ್ತಿತು. ಮಗಳು ಅಡುಗೆಮನೆಗೆ ಹೋದಳು. ಅರ್ಧ ಗಂಟೆ, ಮುಕ್ಕಾಲು ಗಂಟೆ. ಬೀಗಿತ್ತಿಯರಿಬ್ಬರೂ ತೊಟ್ಟಿಲಿನ ಎರಡು ಬದಿ ಕಾವಲುಗಾರರಂತೆ ಕೂತರು.

"ಬೇರೆ ದಿನ ಹತ್ತು ಸಲ ಅಳುತ್ತೆ," ಎಂದಳು ಟೈಲರಮ್ಮ.

"ಚಿವುಟೋಕೆ ಹೇಳ್ಬೇಡಿ. ನಾನು ಚಿವುಟೋಳಲ್ಲ."

"ನಾನೆಲ್ಲಿ ಹೇಳ್ದೆ?"

"ಮುಖ ನೋಡಿದ್ರೆ ಗೊತ್ತಾಗುತ್ತೆ."

ಕೊನೆಗೆ ಮಗು ಮೂಗು ಸುಕ್ಕಿಸಿ, ಬಾಯಿ ಸೊಟ್ಟ ಮಾಡಿ, ಒಮ್ಮೆಲೇ ಚೀರಿತು. ಬೀಗಿತ್ತಿಯ ಎರಡೂ ಕೈ ತಾವಾಗಿಯೇ ಮುಂದಕ್ಕೆ ಹೋದವು. ಟೈಲರಮ್ಮ ಆ ಕೈಗಳನ್ನು ಮೆಲ್ಲಗೆ ಹಿಡಿದಳು.

"ಒಂದೇ ನಿಮಿಷ ತಡೀರಿ."

ತೆರೆದ ಬಾಗಿಲಾಚೆ, ಮಗಳ ಮಂಚದ ಮೇಲಿನ ದೀಪ ಕೆಂಪಗೆ ಉರಿಯುತ್ತಿತ್ತು. ನಿಮಿಷವೂ ಬೇಕಾಗಲಿಲ್ಲ. ಸೋಪಿನ ನೊರೆಯ ಕೈಯನ್ನು ಸೆರಗಿಗೆ ಒರೆಸುತ್ತ ಮಗಳು ಬಾಗಿಲಲ್ಲಿ ಕಾಣಿಸಿದಳು. ಕೈಕೈ ಹಿಡಿದು ಕೂತ ಇಬ್ಬರು ಮುದುಕಿಯರನ್ನು ಅವಳು ನೋಡಲೂ ಇಲ್ಲ. ನೇರ ತೊಟ್ಟಿಲಿಗೆ ಹೋಗಿ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು.

ಬೀಗಿತ್ತಿ ಎದ್ದು ಸೆರಗು ಸಿಕ್ಕಿಸಿಕೊಂಡಳು. ಆಮೇಲೆ ತೊಟ್ಟಿಲಿನ ಒಂದು ತುದಿ ಹಿಡಿದು, "ಕೂತೇ ಇದ್ದೀರಲ್ಲ, ಆ ಕಡೆ ಹಿಡೀರಿ," ಎಂದಳು. ಇಬ್ಬರೂ ಸೇರಿ ಅದನ್ನು ಮಗಳ ಕೋಣೆಗೆ ತಂದಿಟ್ಟರು. ಏದುಸಿರು ಬಿಡುತ್ತ ಬೀಗಿತ್ತಿ ಕೇಳಿದಳು:

"ಅಲ್ಲಾ, ಇವಳು ಸ್ನಾನಕ್ಕೆ ಹೋದಾಗ? ಬಚ್ಚಲಲ್ಲಿ ದೀಪ ಎಲ್ಲಿದೆ?"

ಟೈಲರಮ್ಮ ಕೊರಳಿನ ಟೇಪು ತೆಗೆದು ಒಂದು ತುದಿಯನ್ನು ಬೀಗಿತ್ತಿಯ ಕೈಗೆ ಕೊಟ್ಟಳು. "ಇಲ್ಲೇ ಒತ್ತಿ ಹಿಡ್ಕೊಳ್ಳಿ," ಎಂದು ಗೋಡೆಗುಂಟ ಬಚ್ಚಲಿನ ಕಡೆಗೆ ಅಳೆಯುತ್ತ ಹೋದಳು.