ಚಿಲಕದ ಮೇಲಿನ ಹಸಿರು ಟವೆಲ್

ರೊಟ್ಟಿ ಬಡಿಯುವಾಗ ನನಗೆ ಬೇರೆ ಸಪ್ಪಳ ಕೇಳಿಸುವುದಿಲ್ಲ. ಆ ದಿನ ಮಾತ್ರ ಕೇಳಿಸಿತ್ತು. ಒಳಕೋಣೆಯಿಂದ ಧಪ್, ಧಪ್ ಎಂದು. ಇವರು ಆಫೀಸಿನ ಕೆಲಸದಲ್ಲಿ ಏನೋ ತಟ್ಟುತ್ತಿರಬೇಕು ಅಂದುಕೊಂಡೆ. ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡೆ.

ಅವರು ನನ್ನನ್ನು ಕರೆಯುತ್ತಿದ್ದರು.

ಎರಡು ತಿಂಗಳಾಯಿತು.

ನನ್ನ ಗಂಡ ಬಸವರಾಜ ಬೆಳಗಾವಿಯ ಒಂದು ಕಾರ್ಖಾನೆಗೆ ಯಂತ್ರದ ಬಿಡಿಭಾಗಗಳ ಡ್ರಾಯಿಂಗ್ ಮಾಡುತ್ತಾರೆ. ಮೊದಲು ಬೈಲಹೊಂಗಲದಿಂದ ದಿನಾ ಬಸ್ಸು. ಹೋಗಿ ಬರುವುದರಲ್ಲೇ ಮೂರು ತಾಸು. ಮನೆಯಿಂದಲೇ ಕೆಲಸ ಮಾಡಿ ಎಂದು ಆಫೀಸಿನವರು ಹೇಳಿದಾಗ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನೇ. ಡಬ್ಬಿ ಕಟ್ಟುವುದು ತಪ್ಪಿತು. ಮಧ್ಯಾಹ್ನ ಬಿಸಿ ರೊಟ್ಟಿ ಉಣ್ಣುವ ಗಂಡ ಸಿಕ್ಕ.

ಸಿಕ್ಕದ್ದು ನನಗೊಬ್ಬಳಿಗೇ ಅಲ್ಲ, ಇಡೀ ಓಣಿಗೆ. "ಬಸೂ ಮನ್ಯಾಗ ಅದಾನಲ್ಲ!" ಗ್ಯಾಸ್ ಸಿಲಿಂಡರ್ ಎತ್ತಲು ಬಸೂ, ಗಿರಣಿಗೆ ಹಿಟ್ಟು ಒಯ್ಯಲು ಬಸೂ, ಯಾರದೋ ಅರ್ಜಿ ತುಂಬಲು ಬಸೂ. ಒಮ್ಮೆ ಮೀಟಿಂಗ್ ನಡೆದಾಗ ನಮ್ಮ ಅತ್ತೆ ಗಂಗವ್ವ ಬೆಳ್ಳುಳ್ಳಿ ತುಂಬಿದ ಮೊರ ಹಿಡಿದುಕೊಂಡು ಒಳಗೆ ನುಗ್ಗಿ ಮಗನ ಪಕ್ಕ ಕ್ಯಾಮೆರಾದಲ್ಲಿ ಕಾಣಿಸಿಕೊಂಡರು. ಅಂದೇ ನಾನು ಕಾನೂನು ಮಾಡಿದೆ. ಬಾಗಿಲ ಚಿಲಕಕ್ಕೆ ಹಸಿರು ಟವೆಲ್ ಹಾಕಿದ್ದರೆ ಯಾರೂ ಒಳಗೆ ಹೋಗುವಂತಿಲ್ಲ, ಕರೆಯುವಂತಿಲ್ಲ. "ಮನಿಗೆ ಬೆಂಕಿ ಬಿದ್ರೂ ಬಾಗಲಾ ಬಡಿಬಾರ್ದ್ರಿ ಅತ್ತಿ" ಎಂದು ನಕ್ಕಿದ್ದೆ. ಅತ್ತೆ ಸೋಮವಾರದ ಉಪವಾಸ ಮುರಿದಾರು, ಆ ಕಾನೂನು ಮುರಿಯಲಿಲ್ಲ.

ಆ ದಿನ ಹನ್ನೆರಡೂಕಾಲಿಗೆ ಅತ್ತೆ ಮಗನಿಗೆ ಮಜ್ಜಿಗೆ ಒಯ್ದರು. ಟವೆಲ್ ಇತ್ತು. ಲೋಟವನ್ನು ಹೊಸ್ತಿಲ ಹತ್ತಿರ ಇಟ್ಟು ಸದ್ದಿಲ್ಲದೆ ಬಂದರು. ಒಂದು ಗಂಟೆಗೆ ಸರಿಯಾಗಿ ಊಟಕ್ಕೆ ಏಳುವ ಮನುಷ್ಯ ಏಳಲಿಲ್ಲ. ಒಂದೂ ಹತ್ತಕ್ಕೆ ನಾನು ಹೋದೆ. ಲೋಟ ತುಂಬಿದ್ದು ತುಂಬಿದಂತೆಯೇ ಇತ್ತು. ಬಾಗಿಲು ತಳ್ಳಿದೆ.

ಕುರ್ಚಿಯಿಂದ ಅರ್ಧ ಜಾರಿದ್ದರು. ಬಲಗೈ ಜೋತು ಬಿದ್ದಿತ್ತು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಕಣ್ಣುಗಳು ಮಾತ್ರ ನನ್ನನ್ನೇ ನೋಡುತ್ತಿದ್ದವು. ಏನೋ ಹೇಳಲು ಹೊರಟರು, ಮಾತಿನ ಬದಲು ಬರೀ ಉಸಿರು ಬಂತು.

ಹಿಂದೆಯೇ ಓಡಿ ಬಂದ ಅತ್ತೆ ಕೂಗಿದರು: "ಬಸೂ, ಹಿಂಗ್ಯಾಕ ಮಾಡಾಕತ್ತಿಯೋ ನನ್ನಪ್ಪಾ!"

ಪಕ್ಕದ ಮನೆಯವರ ಕಾರು ಸಿಕ್ಕಿತು. ಊರಿನ ಡಾಕ್ಟರು ಶುಗರ್, ಬಿ.ಪಿ. ನೋಡಿ, "ಸ್ಟ್ರೋಕ್ ಇದ್ದಂಗ ಐತ್ರಿ. ಒಂದ್ ನಿಮಿಷಾನೂ ನಿಲ್ಲಬ್ಯಾಡ್ರಿ, ಬೆಳಗಾವಿಗೆ ನಡೀರಿ" ಅಂದರು. ಇವರು ವರ್ಷಗಟ್ಟಲೆ ಓಡಾಡಿದ ಅದೇ ದಾರಿ. ಆ ದಿನ ಅದು ಮುಗಿಯಲೇ ಇಲ್ಲ.

ಬೆಳಗಾವಿಯ ಆಸ್ಪತ್ರೆ ಮುಟ್ಟಿದಾಗ ಎರಡೂ ನಲವತ್ತು. ಸಿಟಿ ಸ್ಕ್ಯಾನ್ ಆಯಿತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ, ಕರಗಿಸುವ ಇಂಜೆಕ್ಷನ್ ಇದೆ, ಆದರೆ ತೊಂದರೆ ಶುರುವಾದ ನಾಲ್ಕೂವರೆ ತಾಸಿನೊಳಗೆ ಕೊಡಬೇಕು ಎಂದರು ಡಾಕ್ಟರು.

"ಅವರು ಆರಾಮ ಇದ್ದದ್ದನ್ನ ಕೊನೀಗೆ ಯಾವಾಗ ನೋಡೀರಿ?"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಮುಖ ನೋಡಿದರು.

ಒಂದೇ ಸೂರಿನಡಿ ದಿನವಿಡೀ ಇರುವ ಮನುಷ್ಯ. ನಡುವೆ ಒಂದು ಬಾಗಿಲು. ನಾನು ನೋಡಿದ್ದು ಬೆಳಿಗ್ಗೆ ಒಂಬತ್ತೂವರೆಗೆ, ಚಹಾ ಕೊಟ್ಟಾಗ.

"ಒಂಬತ್ತೂವರೀನ? ಹಂಗಾರ ಟೈಮ್ ಮೀರೇತ್ರಿ ಅಕ್ಕಾರ" ಅಂದರು ಡಾಕ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಬೈಸಿಕೊಳ್ಳಬೇಕು ಅನ್ನಿಸಿತ್ತು ನನಗೆ.

ಆಗ ನನ್ನ ಕೈಚೀಲದಲ್ಲಿದ್ದ ಇವರ ಫೋನ್ ರಿಂಗಾಯಿತು. ಇವರ ಜೊತೆ ಕೆಲಸ ಮಾಡುವ ಹುಡುಗಿ, ಮೇಘಾ. "ಸರ್ ಡ್ರಾಯಿಂಗ್ ಕಳಸಿಲ್ರಿ ಇನ್ನಾ" ಎಂದಳು. ಅಳುತ್ತಲೇ ಹೇಳಿದೆ. ಆಮೇಲೆ ಅವಳು ತಡವರಿಸುತ್ತ, "ಅಕ್ಕಾ, ಹನ್ನೊಂದೂ ನಲವತ್ತಕ್ಕ ಸರ್ ನನ್ನ ಜೋಡಿ ಫೋನಿನ್ಯಾಗ ಚಲೋ ಮಾತಾಡಿದ್ರಿ, ನಕ್ರಿ. ಹತ್ ನಿಮಿಷ ಬಿಟ್ಟು ಒಂದು ಮೆಸೇಜ್ ಬಂತು. ಬರೇ ಕಲಸುಮೇಲೋಗರ ಅಕ್ಷರ. ಮನ್ಯಾಗ ಯಾರೋ ಸಣ್ಣವ್ರು ಕೀಬೋರ್ಡ್ ಒತ್ಯಾರ ಅಂತ ನಾವು ನಕ್ಕೊಂಡು ಬಿಟ್ವಿ" ಎಂದಳು.

ನಮ್ಮ ಮನೆಯಲ್ಲಿ ಸಣ್ಣವರು ಯಾರೂ ಇಲ್ಲ.

ನಾನು ಆ ಸಮಯ ಹೇಳಿದ್ದೇ ತಡ, ಡಾಕ್ಟರು ಫೋನ್ ಕಸಿದುಕೊಂಡರು. ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಹನ್ನೊಂದೂ ನಲವತ್ತರಿಂದ ಲೆಕ್ಕ ಹಾಕಿದರೆ ಇನ್ನೂ ಒಂದು ತಾಸು ಉಳಿದಿತ್ತು. ಇಂಜೆಕ್ಷನ್‌ನಿಂದ ರಕ್ತಸ್ರಾವವಾಗುವ ಅಪಾಯವೂ ಇದೆ, ಸಹಿ ಮಾಡಿ ಎಂದರು. ಉಗುರು ಸಂದಿಯಲ್ಲಿ ಜೋಳದ ಹಿಟ್ಟು ಒಣಗಿದ್ದ ಕೈಯಿಂದ ಸಹಿ ಮಾಡಿದೆ.

ಆಸ್ಪತ್ರೆಯಲ್ಲಿ ಒಂಬತ್ತು ದಿನ. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರಾ ಎಂದು ಕೇಳಿದಾಗ ಹೌದು ಎಂದಿದ್ದೆ. ಮನೆಗೆ ಬಂದು ಡ್ರಾವರ್ ತೆಗೆದರೆ ಮಾತ್ರೆಯ ಖಾಲಿ ಪಟ್ಟಿ. ಬಸ್ಸಿಗೆ ಹೋಗುವಾಗ ದಾರಿಯ ಅಂಗಡಿಯಲ್ಲಿ ತಾವೇ ತರುತ್ತಿದ್ದರು. ಮನೆಯಲ್ಲೇ ಉಳಿದ ಮೇಲೆ ಆ ದಾರಿಯೂ ಇಲ್ಲ, ನಡಿಗೆಯೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಮನೆಯಲ್ಲೇ ಇದ್ದಾರಲ್ಲ ಎಂದು ನಾನೂ ಅವರನ್ನು ನೋಡುವುದು ಬಿಟ್ಟಿದ್ದೆ.

ಮಾತು ಮರಳತೊಡಗಿದ ಮೇಲೆ ಒಂದು ದಿನ ಅವರೇ ಹೇಳಿದರು, ಒಂದೊಂದೇ ಪದ ಹುಡುಕುತ್ತ: "ಎಡಗೈಲೆ... ಮೇಜು ಬಡದೆ. ನೀ... ರೊಟ್ಟಿ ಬಡ್ಯಾಕತ್ತಿದ್ದಿ."

ಅವರ ಮಾತಿನಲ್ಲಿ ದೂರು ಇರಲಿಲ್ಲ. ನಾನೇ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಬಲಗೈ ಬೆರಳು ಇನ್ನೂ ಪೂರ್ತಿ ಮಾತು ಕೇಳುವುದಿಲ್ಲ. ಆದರೂ ಕಳೆದ ವಾರದಿಂದ ದಿನಕ್ಕೆ ಎರಡು ತಾಸು ಕೆಲಸ ಶುರು ಮಾಡಿದ್ದಾರೆ, ಅದೇ ಕೋಣೆಯಲ್ಲಿ. ಬಸ್ಸು ಹತ್ತಬೇಕಾಗಿದ್ದರೆ ಇದು ಆಗುತ್ತಿರಲಿಲ್ಲ. ಮನೆಯಿಂದ ಕೆಲಸ ಮಾಡುವುದನ್ನೋ ಆಫೀಸನ್ನೋ ಬೈಯಬೇಕೆಂದು ಬಾಯಿ ತೆರೆದಾಗಲೆಲ್ಲ ಇದು ನೆನಪಾಗಿ ಸುಮ್ಮನಾಗುತ್ತೇನೆ. ಹಸಿರು ಟವೆಲ್ ಈಗ ನೆಲ ಒರೆಸುತ್ತದೆ.

ನಿನ್ನೆ ಮೀಟಿಂಗ್ ನಡೆದಿತ್ತು. ಈಗ ಅತ್ತೆ ಅರ್ಧ ತಾಸಿಗೊಮ್ಮೆ ಮಗನನ್ನು ಮಾತಾಡಿಸಿ ನೋಡುತ್ತಾರೆ. ನಿನ್ನೆಯೂ ನೆಟ್ಟಗೆ ಒಳಗೆ ಹೋದರು.

"ಬಸೂ, ಏನ್ ಮಾಡಾಕತ್ತಿ?"

ನಾನು ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದೆ. ಕಂಪ್ಯೂಟರಿನ ಆ ಕಡೆಯವರೂ ಸುಮ್ಮನೆ ಕಾದರು.

"ಕೆಲ್ಸ... ಮಾಡಾಕತ್ತೇನಿ... ಯವ್ವಾ."

ಮಾತು ಪೂರ್ತಿ ಬಂದ ಮೇಲೆ ಮತ್ತೆ ರೊಟ್ಟಿ ಬಡಿದೆ.